ಸರ್ಕಾರಿ ವಿಶ್ವವಿದ್ಯಾಲಯ, ಖಾಸಗಿ ವಿಶ್ವವಿದ್ಯಾಲಯ: ಊರಿನ ಪ್ರಶ್ನೆಗೆ ಕಿವಿಗೊಡುವ ಪ್ರಾಧ್ಯಾಪಕರು ಎಲ್ಲಿದ್ದಾರೆ?

ಬಯಲುಸೀಮೆ ಓದುಗ

ನಮ್ಮದು ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಾದವರಿಗೆ ಮಂಡಿ ಮಡಚಲಾಗದ ನೋವು. ಬಲ್ಲವರೊಬ್ಬರನ್ನು ಕರೆಸಿ ಕನ್ನಡದಲ್ಲಿ ಮಾತನಾಡಿಸಬೇಕು, ಶುದ್ಧ ನೀರಿನ ಘಟಕದ ಬಗ್ಗೆ ನಮಗಿರುವ ಪ್ರಶ್ನೆಗಳನ್ನು ಕೇಳಬೇಕು ಎಂದು ನಮ್ಮ ಗ್ರಂಥಾಲಯದ ಓದುಗರ ಬಳಗ ತೀರ್ಮಾನಿಸಿತು.

ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆವು. ಬಹಳ ತಿಂಗಳ ಮೇಲೆ ‘ಕುಲಸಚಿವರ ಮೂಲಕ ಬನ್ನಿ’ ಎಂಬ ಉತ್ತರ ಬಂತು. ಕುಲಸಚಿವರಿಗೆ ಬರೆದ ಪತ್ರಕ್ಕೆ ಉತ್ತರವೇ ಇಲ್ಲ. ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದೆವು. ಕೆಲವೇ ದಿನಗಳಲ್ಲಿ ಬಸ್ ತುಂಬ ವಿದ್ಯಾರ್ಥಿಗಳು, ಬ್ಯಾನರ್, ಛಾಯಾಗ್ರಾಹಕ ಎಲ್ಲರೂ ಬಂದರು. ಭಾಷಣದ ಮುಕ್ಕಾಲು ಪಾಲು ಇಂಗ್ಲಿಷ್. ಹೊರಡುವಾಗ, ಗ್ರಾಮದಲ್ಲಿ ಕಾರ್ಯಕ್ರಮ ನಡೆಯಿತು ಎಂಬ ಪತ್ರಕ್ಕೆ ಪಂಚಾಯಿತಿಯ ಮೊಹರು ಹಾಕಿಸಿಕೊಂಡರು. ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರಿನ ಫಲಿತಾಂಶವನ್ನು ಮಾತ್ರ ಕಳುಹಿಸಲಿಲ್ಲ.

ಎರಡರ ಹೆಸರನ್ನೂ ಹೇಳುವುದಿಲ್ಲ, ದಯವಿಟ್ಟು ಊಹಿಸಲೂ ಬೇಡಿ. ನನಗೆ ತಿಳಿಯಬೇಕಾಗಿರುವುದು ಇಷ್ಟು: ಇದು ನಮಗೊಬ್ಬರಿಗೇ ಆದದ್ದೋ, ಅಥವಾ ಎರಡೂ ವ್ಯವಸ್ಥೆಗಳು ನಡೆಯುವ ರೀತಿಯೇ ಹೀಗೋ? ಒಳಗಿದ್ದು ಕಂಡವರು ಹೇಳಿ.

ಗಂಗೋತ್ರಿಯ ಹಳೆಯ ವಿದ್ಯಾರ್ಥಿ

ಸರ್ಕಾರಿ ವಿಶ್ವವಿದ್ಯಾಲಯ ಮೊದಲಿನಿಂದಲೂ ಹೀಗಿರಲಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು. ರೋಗ, ನಕ್ಷತ್ರ, ಸಹಕಾರ ಸಂಘ, ಇತಿಹಾಸ, ಹೀಗೆ ವಿಷಯಕ್ಕೆ ಮಿತಿ ಇರಲಿಲ್ಲ. ಆ ಉಪನ್ಯಾಸಗಳೇ ಅಗ್ಗದ ಬೆಲೆಯ ಕಿರುಹೊತ್ತಿಗೆಗಳಾಗಿ ಹೊರಬಂದವು. ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಅಂಥವು ಒಂದು ಕಟ್ಟು ಇದ್ದವು. ಅಜ್ಜ ಓದಿದ್ದು ಲೋವರ್ ಸೆಕೆಂಡರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವೂ (ಉಪನ್ಯಾಸ, ಪುಸ್ತಕ ಪ್ರಕಟಣೆಯ ವಿಭಾಗ) ಇದೇ ಕೆಲಸವನ್ನು ಉಪನ್ಯಾಸ ಗ್ರಂಥಮಾಲೆಯ ಮೂಲಕ ಮಾಡಿತು.

ಮೈಸೂರು ವಿಶ್ವವಿದ್ಯಾನಿಲಯದ 1946ರ ಇಂಗ್ಲಿಷ್-ಕನ್ನಡ ನಿಘಂಟು, 1969ರಿಂದ ಹೊರಬರತೊಡಗಿದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ, ಇವುಗಳಿಂದ ಯಾರಿಗೆ ಲಾಭ ಬಂತು? ಯಾರಿಗೂ ಇಲ್ಲ. ಕನ್ನಡ ಓದಬಲ್ಲ ಪ್ರತಿಯೊಬ್ಬರಿಗೂ ಪ್ರಯೋಜನವಾಯಿತು. ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಅಂಥವರು ತರಗತಿಯಲ್ಲೋ ವಿಶ್ವಕೋಶದ ಕಚೇರಿಯಲ್ಲೋ ಕೆಲಸ ಮುಗಿಸಿ, ಸಂಜೆ ಹಳ್ಳಿಯ ಹುಡುಗರಿಗೆ ವಿಜ್ಞಾನ ಹೇಳಿದರು. ಶುಲ್ಕ ವಸೂಲಿ ಮಾಡುವ ಯಾವ ಸಂಸ್ಥೆ ಇಂಥ ಒಂದು ಕೆಲಸಕ್ಕೆ ಮೂವತ್ತು ವರ್ಷ ಹಣ ಹಾಕುತ್ತದೆ?

ತುಂಗೆಯ ದಡ

ಎಲ್ಲ ಸರಿ. ಆದರೆ ಅವರು ಕೇಳಿದ್ದು ಈಗಿನ ಕಥೆ.

ಅತಿಥಿ ಉಪನ್ಯಾಸಕಿ

ಈಗಿನದನ್ನು ನಾನು ಹೇಳುತ್ತೇನೆ. ಸರ್ಕಾರಿ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಕಾಯಂ ಪ್ರಾಧ್ಯಾಪಕರು ಒಬ್ಬರೇ. ಮುಖ್ಯಸ್ಥರೂ ಅವರೇ, ಅಧ್ಯಯನ ಮಂಡಳಿಯ ಅಧ್ಯಕ್ಷರೂ ಅವರೇ, ವಿದ್ಯಾರ್ಥಿನಿಲಯದ ಕ್ಷೇಮಪಾಲಕರೂ ಅವರೇ. ನಿವೃತ್ತರಾದವರ ಜಾಗಕ್ಕೆ ನೇಮಕಾತಿ ಇಲ್ಲ. ಉಳಿದ ಪಾಠವೆಲ್ಲ ನಮ್ಮದು. ರಜೆಯ ತಿಂಗಳಲ್ಲಿ ನಮಗೆ ಸಂಬಳವಿಲ್ಲ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂಬುದು ಆಗಸ್ಟ್‌ವರೆಗೆ ತಿಳಿಯುವುದಿಲ್ಲ.

ಬಯಲುಸೀಮೆಯವರೇ, ನಿಮ್ಮ ಊರಿನ ನೀರನ್ನು ಮೂರು ವರ್ಷ ಬೆನ್ನುಹತ್ತಿ ಅಧ್ಯಯನ ಮಾಡಬೇಕೆಂದು ನನಗೆ ನಿಜವಾಗಿಯೂ ಆಸೆ ಇದೆ. ಯಾವ ಭರವಸೆಯ ಮೇಲೆ ಮಾಡಲಿ? ಹೊಸದಾಗಿ ತೆರೆದ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಇಲ್ಲವೇ ವಿಲೀನ ಮಾಡುವ ಮಾತು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯಲ್ಲೇ ಬಂತು. ತನ್ನ ಉಳಿವೇ ಖಾತ್ರಿ ಇಲ್ಲದ ಸಂಸ್ಥೆ ಯಾವ ಊರಿನ ಜೊತೆ ನಂಟು ಬೆಳೆಸೀತು? ಪತ್ರಕ್ಕೆ ಉತ್ತರ ಬರೆಯದ್ದನ್ನು ಸಮರ್ಥಿಸುತ್ತಿಲ್ಲ. ಆದರೆ ಆ ಪತ್ರ ಹೋದ ಮೇಜಿನ ಹಿಂದೆ ಕುರ್ಚಿ ಖಾಲಿ ಇದ್ದಿರಬಹುದು ಎಂಬುದನ್ನೂ ನೋಡಿ.

ಬೆಳವಲದವ

ಖಾಸಗಿಯವರನ್ನು ಒಂದೇ ಏಟಿಗೆ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಗಂಗೋತ್ರಿಯವರು ಒಂದು ಕೆಲಸ ತೋರಿಸಿ ಎಂಬ ಧಾಟಿಯಲ್ಲಿ ಕೇಳಿದ್ದಾರೆ, ತೋರಿಸುತ್ತೇನೆ.

ಹೆರಿಗೆಯಾದ ಮೇಲೆ ರಕ್ತಸ್ರಾವದಿಂದ ತಾಯಂದಿರು ಸಾಯುತ್ತಿದ್ದರು. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಚುಚ್ಚುವವರು ಬೇಕು. ಮನೆಯಲ್ಲೇ, ಉಪಕೇಂದ್ರದಲ್ಲೇ ಹೆರಿಗೆಯಾಗುವ ಹಳ್ಳಿಯಲ್ಲಿ ಎರಡೂ ಕಷ್ಟ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಬಾಯಿಗೆ ಕೊಟ್ಟರೆ ಸಾಕಾಗುತ್ತದೆಯೇ ಎಂಬ ಪರೀಕ್ಷೆ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಅದರಲ್ಲಿ ತೊಡಗಿದವರು ಅಲ್ಲಿನ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು. 1,620 ಹೆಂಗಸರು ಭಾಗವಹಿಸಿದರು. ಮಾತ್ರೆ ಪಡೆಯದ ಗುಂಪಿನಲ್ಲಿ ಶೇಕಡ 12ರಷ್ಟಿದ್ದ ಅತಿ ರಕ್ತಸ್ರಾವ ಮಾತ್ರೆ ಪಡೆದವರಲ್ಲಿ ಶೇಕಡ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆಂದು ಮಾತ್ರೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನಮ್ಮ ಬೆಳಗಾವಿ ಕಡೆಯ ಹಳ್ಳಿಗಳ ಸಂಶೋಧನೆ ಲೋಕದ ತಾಯಂದಿರಿಗೆ ತಲುಪಿತು. ಇದು ಸಮಾಜದ ಜೊತೆಗಿನ ನಂಟು ಅಲ್ಲವೇ?

ಉಪಕೇಂದ್ರದ ಮಗಳು

ಬೆಳವಲದವರೇ, ಹೇಳಿದ್ದೆಲ್ಲ ನಿಜ. ಆದರೆ ಆ ಮಾತ್ರೆಯನ್ನು ತಾಯಂದಿರ ಕೈಗೆ ಕೊಟ್ಟವರು ಯಾರು? ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಎಎನ್ಎಂ (ಸಹಾಯಕ ದಾದಿ-ಸೂಲಗಿತ್ತಿ) ಸಿಸ್ಟರ್‌ಗಳು. ನನ್ನ ತಾಯಿ ಅದೇ ಹುದ್ದೆಯಲ್ಲಿದ್ದವರು, ಬೇರೆ ಜಿಲ್ಲೆಯಲ್ಲಿ. ಯಾವ ಮನೆಯಲ್ಲಿ ಯಾರು ಬಸುರಿ, ಯಾರಿಗೆ ಹಿಂದಿನ ಸಲ ತೊಂದರೆಯಾಗಿತ್ತು ಎಂಬುದು ಅವರಿಗೆ ಬಾಯಿಪಾಠ ಇತ್ತು. ಹಣ ಅಮೆರಿಕದ್ದು, ಬುದ್ಧಿ ಖಾಸಗಿ ಕಾಲೇಜಿನದು, ನಡೆದ ಕಾಲು ಸರ್ಕಾರಿ ಸಿಸ್ಟರ್‌ಗಳದ್ದು. ಸಾಧನೆಯನ್ನು ಒಬ್ಬರ ಹೆಸರಿಗೇ ಬರೆಯಬೇಡಿ.

ಬೆಳವಲದವ

ಒಬ್ಬರ ಹೆಸರಿಗೇ ಬರೆಯಲಿಲ್ಲ. ‘ತೊಡಗಿದವರು’ ಎಂದೇ ಬರೆದಿದ್ದೇನೆ. ಆದರೂ ಕೇಳುತ್ತೇನೆ: ಅದೇ ಸಿಸ್ಟರ್‌ಗಳು, ಅದೇ ಹಳ್ಳಿಗಳು ಸರ್ಕಾರಿ ಸಂಸ್ಥೆಗಳ ಕಣ್ಣ ಮುಂದೆಯೂ ಇದ್ದವಲ್ಲ?

ಕಡಲತಡಿ

ಕರಾವಳಿಯಿಂದ ಒಂದು ಮಾತು. ಮಣಿಪಾಲದವರು ಹಳ್ಳಿಗಳಲ್ಲಿ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳನ್ನು ಹಿಂದಿನಿಂದಲೂ ನಡೆಸಿದ್ದಾರೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಿಂದ ಬಂದ ಮಾದರಿಯಲ್ಲಿ ನಿಫಾ ವೈರಸ್ ಇದೆ ಎಂದು ಮೊದಲು ಗುರುತಿಸಿದ್ದು ಮಣಿಪಾಲದ ಪ್ರಯೋಗಾಲಯ. ಅದು ಬೇಗ ಪತ್ತೆಯಾಗದಿದ್ದರೆ ಎಷ್ಟು ಜೀವ ಹೋಗುತ್ತಿತ್ತೋ.

ಇನ್ನೊಂದು ಬದಿಯನ್ನೂ ಹೇಳಬೇಕು. ವೈದ್ಯಕೀಯ ಕಾಲೇಜಿಗೆ ಮಾನ್ಯತೆ ಸಿಗಬೇಕಾದರೆ ಹಾಸಿಗೆಗಳಲ್ಲಿ ಇಂತಿಷ್ಟು ರೋಗಿಗಳು ಇರಲೇಬೇಕು. ಹಳ್ಳಿಯಲ್ಲಿ ನಡೆಯುವ ಉಚಿತ ತಪಾಸಣಾ ಶಿಬಿರಗಳ ಹಿಂದೆ ಈ ಅಗತ್ಯವೂ ಇರುತ್ತದೆ. ಶಿಬಿರದಿಂದ ನಮ್ಮ ಚಿಕ್ಕಮ್ಮನ ಕಣ್ಣಿನ ಪೊರೆ ಹೋಯಿತು, ಉಪಕಾರ ಉಪಕಾರವೇ. ಆದರೆ ಸೇವೆ ಎಂದಾಗ ಅದನ್ನು ನಡೆಸುವ ಕಾರಣವನ್ನೂ ನೋಡಬೇಕು.

ಹೆಸರು ಬೇಡ

ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ, ಸಮಾಜವಿಜ್ಞಾನ. ಒಳಗಿನದು ಹೇಳಿ ಎಂದಿರಿ.

ನಮಗೆ ವರ್ಷದ ಆರಂಭದಲ್ಲಿ ಗುರಿ ಕೊಡುತ್ತಾರೆ. ಸ್ಕೋಪಸ್ ಎಂಬ ಸಂಶೋಧನಾ ಪತ್ರಿಕೆಗಳ ಪಟ್ಟಿಯಲ್ಲಿ ಬರುವ ಲೇಖನ ಇಷ್ಟು, ಪೇಟೆಂಟ್ ಅರ್ಜಿ ಇಷ್ಟು, ಹೊಸ ಪ್ರವೇಶಕ್ಕೆ ಕರೆತರಬೇಕಾದ ವಿದ್ಯಾರ್ಥಿಗಳು ಇಷ್ಟು, ಸಮಾಜಸೇವಾ ಕಾರ್ಯಕ್ರಮ ಇಷ್ಟು. ಕೊನೆಯದು ಮುಗಿಯುವುದು ಒಂದು ಮಧ್ಯಾಹ್ನದಲ್ಲಿ. ನಿಮ್ಮ ಊರಿಗೆ ಬಂದವರಿಗೆ ಫಲಿತಾಂಶ ಕಳುಹಿಸಲು ಮನಸ್ಸಿರಲಿಲ್ಲ ಎಂದುಕೊಳ್ಳಬೇಡಿ. ಆ ಕಾರ್ಯಕ್ರಮಕ್ಕೆ ಮಂಜೂರಾದ ಸಮಯ, ಹಣ ಎರಡೂ ಅಂದೇ ಮುಗಿದಿರುತ್ತವೆ. ಮತ್ತೆ ಬಂದರೆ ಅದು ಲೆಕ್ಕಕ್ಕೆ ಸೇರುವುದಿಲ್ಲ.

ಅದಕ್ಕಿಂತ ದೊಡ್ಡದು ಬಾಯಿ. ಆಡಳಿತ ಮಂಡಳಿ ‘ಮಾತನಾಡಬೇಡಿ’ ಎಂದು ಬರೆದು ಕೊಡುವುದಿಲ್ಲ. ಕರಾರು ಪತ್ರ ನವೀಕರಣವಾಗಬೇಕು ಎಂಬುದು ನಮಗೇ ಗೊತ್ತಿರುತ್ತದೆ. ಹರಿಯಾಣದ ಅಶೋಕ ವಿಶ್ವವಿದ್ಯಾಲಯ ದೇಶದ ಅತ್ಯಂತ ಉದಾರ ಖಾಸಗಿ ಸಂಸ್ಥೆ ಎನಿಸಿಕೊಂಡಿತ್ತು. 2021ರ ಮಾರ್ಚ್‌ನಲ್ಲಿ ರಾಜಕೀಯ ಚಿಂತಕ ಪ್ರತಾಪ್ ಭಾನು ಮೆಹ್ತಾ ಅಲ್ಲಿಂದ ಹೊರಬಂದರು, ತಮ್ಮ ನಂಟು ಸಂಸ್ಥೆಗೆ ರಾಜಕೀಯ ಹೊರೆಯಾಗಿ ಕಾಣುತ್ತಿದೆ ಎಂದು ಪತ್ರದಲ್ಲೇ ಬರೆದರು. 2023ರಲ್ಲಿ ಅಲ್ಲಿನ ಅರ್ಥಶಾಸ್ತ್ರದ ಅಧ್ಯಾಪಕ ಸವ್ಯಸಾಚಿ ದಾಸ್ 2019ರ ಲೋಕಸಭಾ ಚುನಾವಣೆಯ ಬಗ್ಗೆ ಒಂದು ಪ್ರಬಂಧ ಬರೆದಾಗ ಸಂಸ್ಥೆ ಬಹಿರಂಗವಾಗಿ ದೂರ ಸರಿಯಿತು, ಅವರೂ ರಾಜೀನಾಮೆ ಕೊಟ್ಟರು. ಅಷ್ಟು ಹೆಸರುವಾಸಿಗಳಿಗೇ ಹೀಗಾದರೆ, ಹೆಸರಿಲ್ಲದ ನಾನು ನಮ್ಮ ಜಿಲ್ಲೆಯ ಕಲ್ಲುಗಣಿಗಾರಿಕೆಯ ಬಗ್ಗೆ ಬರೆಯಬಲ್ಲೆನೇ? ಮಂಡಳಿಯ ಸದಸ್ಯರಿಗೇ ಗಣಿ ಇದ್ದರೆ?

ಕೋಟೆಕೆರೆ

ಸರ್ಕಾರಿಯಲ್ಲಿ ಬಾಯಿ ತೆರೆದಿದೆ ಎಂದುಕೊಂಡಿರಾ? ಸರ್ಕಾರದ ನೀತಿಯನ್ನು ಟೀಕಿಸುವಂತಿಲ್ಲ ಎಂದು ನಡತೆ ನಿಯಮಗಳಲ್ಲೇ ಇದೆ. ಪತ್ರಿಕೆಗೆ ಒಂದು ಲೇಖನ ಬರೆದಿದ್ದಕ್ಕೆ ನೋಟಿಸ್ ಪಡೆದವರನ್ನು ಕಂಡಿದ್ದೇನೆ.

ಗಂಗೋತ್ರಿಯ ಹಳೆಯ ವಿದ್ಯಾರ್ಥಿ

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕರು ನೇರವಾಗಿ ಸರ್ಕಾರಿ ನೌಕರರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ವಿಶ್ವವಿದ್ಯಾಲಯದ ನೌಕರರು. ಎರಡನೆಯವರಿಗೆ ಜಾಗ ಸ್ವಲ್ಪ ಹೆಚ್ಚು. ಆ ಜಾಗವನ್ನು ಬಳಸಿದವರು ನಮ್ಮಲ್ಲಿದ್ದರು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದರು. ಕುಲಪತಿಯ ಕುರ್ಚಿಯಲ್ಲಿ ಕುಳಿತು! ಶುಲ್ಕವನ್ನೂ ದಾನಿಗಳನ್ನೂ ನಂಬಿದ ಯಾವ ಸಂಸ್ಥೆಯ ಮುಖ್ಯಸ್ಥರು ಇದನ್ನು ಮಾಡುತ್ತಾರೆ?

ಎಂ.ಎಂ. ಕಲಬುರ್ಗಿಯವರೂ ಸರ್ಕಾರಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದವರು. ಶಾಸನ ಓದಿ ತಮಗೆ ಕಂಡದ್ದನ್ನು ಜನರ ಮುಂದೆ ಹೇಳಿದರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಸಮಾಜದ ಜೊತೆ ಮಾತನಾಡುವುದು ಸುಲಭ ಎಂದು ಯಾರೂ ತಿಳಿಯಬಾರದು.

ತುಂಗೆಯ ದಡ

ಈ ಮಾತಿಗೆ ನನ್ನ ಪೂರ್ಣ ಸಹಮತ.

ರಾಗಿಕಣಜ

ನೀವೆಲ್ಲರೂ ಕೃಷಿ ವಿಶ್ವವಿದ್ಯಾಲಯವನ್ನು ಮರೆತು ಮಾತನಾಡುತ್ತಿದ್ದೀರಿ. ಅದೂ ಸರ್ಕಾರದ್ದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರದ್ದು, ಧಾರವಾಡದ್ದು 1986ರದ್ದು. ಅಲ್ಲಿ ಶಿಕ್ಷಣ, ಸಂಶೋಧನೆ, ವಿಸ್ತರಣೆ (ಅಂದರೆ ತಿಳಿವನ್ನು ಜನರ ಬಳಿಗೆ ಒಯ್ಯುವುದು) ಎಂದು ಮೂರು ಕೆಲಸ ಕಾಯ್ದೆಯಲ್ಲೇ ಇವೆ. ವಿಸ್ತರಣೆಗೆ ಪ್ರತ್ಯೇಕ ನಿರ್ದೇಶಕರಿದ್ದಾರೆ, ಹುದ್ದೆಗಳಿವೆ, ಹಣವಿದೆ. ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬಿ.ಎಸ್ಸಿ. ಕೃಷಿ ಓದುವವರು ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು, ರೈತರ ಜೊತೆ ಹೊಲದಲ್ಲಿ ಕೆಲಸ ಮಾಡಿಯೇ ಪದವಿ ಪಡೆಯಬೇಕು.

ನಮ್ಮಪ್ಪನ ಹೊಲಕ್ಕೆ ಇಂಡಾಫ್ ರಾಗಿ ಬಂದದ್ದು ಹೀಗೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಆ ತಳಿಗಳನ್ನು ತಂದರು. ಇಳುವರಿ ಏರಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಆಮೇಲೆ ಬೆಂಕಿರೋಗ ತಡೆಯುವ ಜಿಪಿಯು-28 ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯ ಕೃಷಿ ಮೇಳಕ್ಕೆ ರೈತರು ಟೆಂಪೊ ಮಾಡಿಕೊಂಡು ಬರುತ್ತಾರೆ. ವಿಜ್ಞಾನಿಯನ್ನು ನಿಲ್ಲಿಸಿ ‘ನಿಮ್ಮ ಬೀಜ ಮೊಳೆಯಲಿಲ್ಲ’ ಎಂದು ಗದರಿಸುವವರನ್ನು ನೋಡಿದ್ದೇನೆ. ವಿಜ್ಞಾನಿ ಉತ್ತರ ಕೊಡಲೇಬೇಕು.

ಹಾಗಾಗಿ ಪ್ರಶ್ನೆ ಸರ್ಕಾರಿಯೋ ಖಾಸಗಿಯೋ ಎಂಬುದಲ್ಲ. ಊರಿಗೆ ಉತ್ತರ ಕೊಡುವುದು ಆ ಹುದ್ದೆಯ ಕೆಲಸವೋ, ಅಥವಾ ಅಲ್ಲಿರುವವರ ಒಳ್ಳೆಯತನವೋ ಎಂಬುದು. ಭೂವಿಜ್ಞಾನ ವಿಭಾಗಕ್ಕೆ ಕೃಷಿ ವಿಜ್ಞಾನ ಕೇಂದ್ರದಂಥದ್ದು ಯಾಕಿಲ್ಲ? ಅರ್ಥಶಾಸ್ತ್ರಕ್ಕೆ ಯಾಕಿಲ್ಲ?

ಮುದ್ದೆಪ್ರಿಯ

ಇಂಡಾಫ್ ರಾಗಿಯ ಮುದ್ದೆಗೆ ನಾಟಿ ರಾಗಿಯ ರುಚಿ ಇರಲಿಲ್ಲ ಎಂದು ನಮ್ಮ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ಹುಲ್ಲನ್ನೂ ದನ ಅಷ್ಟಾಗಿ ಮುಟ್ಟುತ್ತಿರಲಿಲ್ಲವಂತೆ.

ರಾಗಿಕಣಜ

ರುಚಿಯ ಮಾತು ಮನೆಮನೆಗೆ ಬೇರೆ. ಹೊಟ್ಟೆ ತುಂಬಿದ ಮಾತು ಎಲ್ಲರದ್ದೂ ಒಂದೇ. ಹುಲ್ಲಿನ ಬಗ್ಗೆ ನಮ್ಮಲ್ಲಿ ಅಂಥ ದೂರು ಕೇಳಿಲ್ಲ.

ಮುದ್ದೆಪ್ರಿಯ

ಅಜ್ಜಿ ಹೇಳಿದ್ದನ್ನು ನಾನು ಬಿಟ್ಟುಕೊಡುವುದಿಲ್ಲ. ಹೆಬ್ಬಾಳ ಅವರೆಯ ವಿಷಯದಲ್ಲಿ ಮಾತ್ರ ವಿಶ್ವವಿದ್ಯಾಲಯಕ್ಕೆ ಪೂರ್ಣ ಅಂಕ. ವರ್ಷವಿಡೀ ಅವರೆಕಾಯಿ ಸಿಗುವಂತೆ ಮಾಡಿದರು.

ಅಮೆರಿಕದಲ್ಲಿರುವ ದಾವಣಗೆರೆಯವ

ರಾಗಿಕಣಜ ಅವರ ಮಾತಿಗೆ ಇಲ್ಲಿಂದ ಒಂದು ಸೇರ್ಪಡೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೆ ಮಾದರಿಯಾದದ್ದು ಇಲ್ಲಿನ ಲ್ಯಾಂಡ್ ಗ್ರಾಂಟ್ (ಸರ್ಕಾರ ಕೊಟ್ಟ ಭೂಮಿಯ ನೆರವಿನಿಂದ ನಡೆದ) ವಿಶ್ವವಿದ್ಯಾಲಯಗಳು, 1862ರ ಮೊರಿಲ್ ಕಾಯ್ದೆಯ ಕೂಸುಗಳು. 1914ರ ಸ್ಮಿತ್-ಲಿವರ್ ಕಾಯ್ದೆ ಬಂದ ಮೇಲೆ ಜಿಲ್ಲೆಯಂಥ ಪ್ರತಿ ಕೌಂಟಿಯಲ್ಲೂ ವಿಸ್ತರಣಾ ಕಚೇರಿ ಬೆಳೆಯಿತು. ನಾನಿರುವ ವಿಸ್ಕಾನ್ಸಿನ್‌ನಲ್ಲಿ ವಿಶ್ವವಿದ್ಯಾಲಯದ ಎಲ್ಲೆಯೇ ರಾಜ್ಯದ ಎಲ್ಲೆ ಎಂಬ ತತ್ವವನ್ನು ನೂರು ವರ್ಷಕ್ಕೂ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ನಮ್ಮ ಮನೆಯ ಹಿತ್ತಲ ಮಣ್ಣನ್ನು ಪರೀಕ್ಷಿಸಿಕೊಟ್ಟದ್ದು ವಿಶ್ವವಿದ್ಯಾಲಯದ ಪ್ರಯೋಗಾಲಯವೇ. ಸಣ್ಣ ಶುಲ್ಕ ಕೊಟ್ಟೆ, ವರದಿ ಅಂಚೆಯಲ್ಲಿ ಬಂತು, ಅರ್ಥವಾಗುವ ಭಾಷೆಯಲ್ಲಿತ್ತು.

ಇನ್ನೊಂದು ಸಂಗತಿ: ನ್ಯೂಯಾರ್ಕ್ ರಾಜ್ಯದ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯ ಕಾರ್ನೆಲ್. ಅದು ಖಾಸಗಿ! ಆದರೂ ರಾಜ್ಯದ ತುಂಬ ವಿಸ್ತರಣಾ ಕಚೇರಿಗಳನ್ನು ನಡೆಸುತ್ತದೆ, ಯಾಕೆಂದರೆ ಕಾಯ್ದೆ ಕರ್ತವ್ಯ ಹೊರಿಸಿದೆ, ಅದಕ್ಕೆಂದೇ ಸಾರ್ವಜನಿಕ ಹಣ ಕೊಡುತ್ತದೆ. ಖಾಸಗಿ ಸಂಸ್ಥೆಗೂ ಸಾರ್ವಜನಿಕ ಕೆಲಸ ವಹಿಸಬಹುದು, ಬರೆದು ಕೊಟ್ಟು, ಲೆಕ್ಕ ಕೇಳಿದರೆ.

ಕಾಗದಪತ್ರ

ಬಯಲುಸೀಮೆಯವರು ಛಾಯಾಗ್ರಾಹಕನ ಬಗ್ಗೆ ಬರೆದಿದ್ದಾರೆ. ಅವನು ಯಾಕೆ ಬಂದ ಎಂಬುದನ್ನು ನಾನು ವಿವರಿಸುತ್ತೇನೆ, ಏಕೆಂದರೆ ಕಾಲೇಜಿನಲ್ಲಿ ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಕಡತ ಸಿದ್ಧಪಡಿಸುವ ಕೆಲಸ ನನ್ನದು.

ನ್ಯಾಕ್‌ನಲ್ಲಿ ಸಂಶೋಧನೆಯ ಜೊತೆ ವಿಸ್ತರಣೆಗೂ ಅಂಕವಿದೆ. ಎಷ್ಟು ಕಾರ್ಯಕ್ರಮ, ಎಷ್ಟು ವಿದ್ಯಾರ್ಥಿಗಳು ಎಂದು ಎಣಿಸುತ್ತಾರೆ. ಸಾಕ್ಷ್ಯಕ್ಕೆ ಸ್ಥಳದ ಗುರುತಿರುವ ಫೋಟೊ, ವರದಿ, ಪತ್ರ ಬೇಕು. ನಿಮ್ಮ ಪಂಚಾಯಿತಿಯ ಮೊಹರು ಹೋಗಿ ಸೇರಿದ್ದು ಅಲ್ಲಿಗೇ. ನೀರಿನ ಫಲಿತಾಂಶ ನಿಮಗೆ ತಲುಪಿತೇ ಎಂದು ಕೇಳುವ ಕಾಲಂ ಇಲ್ಲ. ಕೇಂದ್ರ ಸರ್ಕಾರದ ಎನ್ಐಆರ್‌ಎಫ್ ಶ್ರೇಯಾಂಕದಲ್ಲಿ ‘ಔಟ್‌ರೀಚ್ ಅಂಡ್ ಇನ್‌ಕ್ಲೂಸಿವಿಟಿ’ (ಹೊರಗಿನವರನ್ನು ತಲುಪುವುದು, ಒಳಗೊಳ್ಳುವುದು) ಎಂಬ ಹೆಸರಿನ, ಶೇಕಡ ಹತ್ತು ತೂಕದ ವಿಭಾಗವಿದೆ. ಊರಿಗೆ ಮಾಡಿದ ಕೆಲಸಕ್ಕೆ ಅಂಕ ಎಂದು ಯಾರಾದರೂ ತಿಳಿಯಬೇಕು. ಅದರೊಳಗೆ ಎಣಿಸುವುದು ಹೊರರಾಜ್ಯ ಮತ್ತು ಹೊರದೇಶದ ವಿದ್ಯಾರ್ಥಿಗಳನ್ನು, ಮಹಿಳೆಯರ ಪ್ರಮಾಣವನ್ನು, ಬಡ ಮತ್ತು ಹಿಂದುಳಿದ ವರ್ಗದ ವಿದ್ಯಾರ್ಥಿಗಳನ್ನು, ಅಂಗವಿಕಲರಿಗೆ ಇರುವ ಸೌಲಭ್ಯವನ್ನು. ಇವೆಲ್ಲ ಬೇಕಾದವೇ. ಆದರೆ ಫ್ಲೋರೈಡ್ ನೀರು ಕುಡಿಯುವವರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಸರ್ಕಾರಿ, ಖಾಸಗಿ ಇಬ್ಬರೂ ಇದೇ ಪರೀಕ್ಷೆ ಬರೆಯುತ್ತಾರೆ. ಖಾಸಗಿಯವರಿಗೆ ಶ್ರೇಯಾಂಕ ಜಾಹೀರಾತಿಗೆ ಬೇಕು, ಹಾಗಾಗಿ ಓಡಿ ಬರುತ್ತಾರೆ. ಸರ್ಕಾರಿಯವರಲ್ಲಿ ಅಂಥ ಅವಸರ ಕಡಿಮೆ, ಹಾಗಾಗಿ ಬರುವುದೇ ಇಲ್ಲ. ನೀವು ಕಂಡ ವ್ಯತ್ಯಾಸ ಇದು.

ಕೋಟೆಕೆರೆ

ಉನ್ನತ ಭಾರತ ಅಭಿಯಾನ 2014ರಲ್ಲಿ ಬಂತಲ್ಲ, ಸಂಸ್ಥೆಗಳು ಐದೈದು ಹಳ್ಳಿ ದತ್ತು ತೆಗೆದುಕೊಳ್ಳಬೇಕೆಂದು? ಅದರಿಂದ ಏನೂ ಆಗಲಿಲ್ಲವೇ?

ಕಾಗದಪತ್ರ

ಕೆಲವೆಡೆ ಒಳ್ಳೆಯ ಕೆಲಸ ಆಗಿದೆ. ವಿದ್ಯಾರ್ಥಿಗಳು ಮನೆಮನೆ ಸಮೀಕ್ಷೆ ಮಾಡಿದ್ದನ್ನು ಪಂಚಾಯಿತಿ ಬಳಸಿಕೊಂಡ ಊರು ನನಗೆ ಗೊತ್ತು. ಆದರೆ ಒಬ್ಬ ಆಸಕ್ತ ಅಧ್ಯಾಪಕರು ವರ್ಗವಾದರೆ, ನಿವೃತ್ತರಾದರೆ ದತ್ತು ಹಳ್ಳಿಯೂ ಅನಾಥವಾಗುತ್ತದೆ. 1969ರಿಂದ ಇರುವ ಎನ್ಎಸ್ಎಸ್‌ಗೂ (ರಾಷ್ಟ್ರೀಯ ಸೇವಾ ಯೋಜನೆ) ಇದೇ ಕಥೆ. ಏಳು ದಿನದ ಶಿಬಿರದಲ್ಲಿ ಚರಂಡಿ ತೋಡಿದ ಹುಡುಗರ ಬೆವರು ನಿಜ, ಎಂಟನೆಯ ದಿನ ಅದನ್ನು ನೋಡಿಕೊಳ್ಳುವವರು ಬೇಕು.

ಒಲೆಯ ಮುಂದೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿಯನ್ನು ಯಾರೂ ಹೇಳಲಿಲ್ಲವಲ್ಲ! ಅಸ್ತ್ರ ಒಲೆ ನಿಮ್ಮ ಮನೆಗಳಲ್ಲಿ ಇರಲಿಲ್ಲವೇ? 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತು ಗೆಳೆಯರು ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ತಂತ್ರಜ್ಞಾನವನ್ನು ಅನ್ವಯಿಸಲೆಂದು ‘ಅಸ್ತ್ರ’ ಘಟಕ ಕಟ್ಟಿದರು. ಕುಣಿಗಲ್ ಕಡೆಯ ಉಂಗ್ರ ಹಳ್ಳಿಯಲ್ಲಿ ಕೇಂದ್ರ ತೆರೆದು, ಹೆಂಗಸರು ಸೌದೆಗಾಗಿ ಎಷ್ಟು ದೂರ ನಡೆಯುತ್ತಾರೆ, ಅಡುಗೆಗೆ ಎಷ್ಟು ಸೌದೆ ಉರಿಯುತ್ತದೆ ಎಂದು ಮೊದಲು ಅಳೆದರು. ಒಲೆ ಬಂದದ್ದು ಆಮೇಲೆ. ನಮ್ಮ ಅಮ್ಮನ ಅಡುಗೆಮನೆಯ ಹೊಗೆ ಕೊಳವೆಯ ಮೂಲಕ ಹೊರಗೆ ಹೋಗಿದ್ದು ಆ ಒಲೆಯಿಂದ, ಅಮ್ಮನ ಕೆಮ್ಮು ನಿಂತಿದ್ದೂ ಆಗಲೇ. ಅಷ್ಟು ದೊಡ್ಡ ಸಂಸ್ಥೆಯ ವಿಜ್ಞಾನಿಗಳು ಒಲೆಯ ಮುಂದೆ ಕುಳಿತರು ಎಂಬುದು ನನಗೆ ಇಂದಿಗೂ ದೊಡ್ಡ ಸಂಗತಿ.

ಭಾಷೆಯ ಬಗ್ಗೆಯೂ ಹೇಳಬೇಕು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ದೇಶದ ಎಲ್ಲೆಡೆಯವರು ಪಾಠ ಮಾಡುತ್ತಾರೆ, ಬಹಳಷ್ಟು ಜನರಿಗೆ ಕನ್ನಡ ಬಾರದು. ಐಐಎಸ್‌ಸಿಯಲ್ಲೂ ಹಾಗೆಯೇ. ಆದರೂ ಆ ತಂಡ ಉಂಗ್ರದಲ್ಲಿ ಕೆಲಸ ಮಾಡಿತು, ಯಾಕೆಂದರೆ ವರ್ಷಗಟ್ಟಲೆ ಅಲ್ಲೇ ಉಳಿಯಿತು. ಒಂದು ಮಧ್ಯಾಹ್ನಕ್ಕೆ ಬರುವವರು ಕನ್ನಡ ಕಲಿಯಬೇಕಾದ ಅಗತ್ಯವೇ ಬೀಳುವುದಿಲ್ಲ.

ಸರ್ಜಾಪುರ ರಸ್ತೆ

ಖಾಸಗಿ ಎಂದರೆ ಎಲ್ಲವೂ ಒಂದೇ ಬಗೆ ಎಂಬಂತೆ ಚರ್ಚೆ ಹೋಗುತ್ತಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಖಾಸಗಿಯೇ, 2010ರ ರಾಜ್ಯ ಕಾಯ್ದೆಯಡಿ ಬಂದದ್ದು. ದೇಶದ ಉದ್ಯೋಗ ಸ್ಥಿತಿಯ ಬಗ್ಗೆ 2018ರಿಂದ ವರದಿಗಳನ್ನು ಪ್ರಕಟಿಸುತ್ತಿದೆ. ಸಂಸತ್ತಿನಿಂದ ಚಹಾ ಅಂಗಡಿಯವರೆಗೆ ಅದರ ಮೇಲೆ ವಾದ ನಡೆಯುತ್ತದೆ. ಸಮಾಜವಿಜ್ಞಾನದ ಬರಹಗಳನ್ನು ಕನ್ನಡಕ್ಕೆ ಅನುವಾದಿಸಿ ಉಚಿತವಾಗಿ ಕೊಡುತ್ತಿದೆ. ಗಂಗೋತ್ರಿಯವರು ಹೇಳಿದ ಪ್ರಸಾರಾಂಗದ ಕೆಲಸವನ್ನು ಈಗ ಮಾಡುತ್ತಿರುವವರಲ್ಲಿ ಒಂದು ಖಾಸಗಿ ಸಂಸ್ಥೆಯೂ ಇದೆ.

ಗಂಗೋತ್ರಿಯ ಹಳೆಯ ವಿದ್ಯಾರ್ಥಿ

ಅದು ದತ್ತಿಯ ಹಣದಿಂದ ನಡೆಯುವ ಸಂಸ್ಥೆ. ವಿದ್ಯಾರ್ಥಿಯ ಶುಲ್ಕದಿಂದಲೇ ಕಟ್ಟಡ, ಸಂಬಳ, ಲಾಭ ಎಲ್ಲವೂ ಹುಟ್ಟಬೇಕಾದ ಸಂಸ್ಥೆಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅಪವಾದವನ್ನು ತೋರಿಸಿ ನಿಯಮವನ್ನು ಮುಚ್ಚಬೇಡಿ.

ಬೆಳವಲದವ

ಹಾಗಾದರೆ ಖಾಸಗಿಯಲ್ಲೇ ಮೂರು ಬಗೆ ಮಾಡಿ. ದತ್ತಿಯದ್ದು, ಶುಲ್ಕದ್ದು, ಸಮಾಜವೇ ಕಟ್ಟಿದ್ದು. ಕೆಎಲ್ಇಯನ್ನು 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದರು, ಸಪ್ತರ್ಷಿಗಳು ಎಂದೇ ನಮ್ಮ ಕಡೆ ಕರೆಯುತ್ತಾರೆ. ರೈತರು, ವ್ಯಾಪಾರಿಗಳು ಕೊಟ್ಟ ದೇಣಿಗೆಯಿಂದ ಬೆಳೆಯಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷವೇ ಅದು ಎಂಬುದನ್ನು ಗಮನಿಸಿ. ಮುಂಬೈ ಪ್ರಾಂತ್ಯದಲ್ಲಿ ಕನ್ನಡಿಗರಿಗೆ ಅರಸರಿರಲಿಲ್ಲ, ನಮ್ಮ ಪಾಲಿಗೆ ಖಾಸಗಿ ಶಿಕ್ಷಣ ಸಂಸ್ಥೆಯೇ ಸಾರ್ವಜನಿಕ ಸಂಸ್ಥೆ ಆಗಿತ್ತು. ಹಳೆಯ ಮೈಸೂರಿನವರಿಗೆ ಇದು ಬೇಗ ಅರ್ಥವಾಗುವುದಿಲ್ಲ.

ಗಂಗೋತ್ರಿಯ ಹಳೆಯ ವಿದ್ಯಾರ್ಥಿ

ಆ ಇತಿಹಾಸಕ್ಕೆ ನನ್ನ ಗೌರವವಿದೆ. ಅಂಥ ಸಂಸ್ಥೆಗಳು ಇಂದು ವೈದ್ಯಕೀಯ ಸೀಟಿಗೆ ಪಡೆಯುವ ಹಣದ ಬಗ್ಗೆಯೂ ಒಂದು ಮಾತು ಬರೆಯಿರಿ.

ಬೆಳವಲದವ

ಬರೆಯುತ್ತೇನೆ: ಬಹಳ ಹೆಚ್ಚು. ದೇಣಿಗೆ ಕೊಟ್ಟ ರೈತನ ಮೊಮ್ಮಗನಿಗೆ ಎಟುಕದಷ್ಟು. ಈಗ ನೀವು ಸರ್ಕಾರಿ ವಿಶ್ವವಿದ್ಯಾಲಯಗಳ ನೇಮಕಾತಿಯಲ್ಲಿ ಓಡಾಡುವ ಹಣದ ಬಗ್ಗೆ ಬರೆಯಿರಿ.

ಅತಿಥಿ ಉಪನ್ಯಾಸಕಿ

ಇಬ್ಬರೂ ಹಿರಿಯರು, ದಯವಿಟ್ಟು ಹುಡುಗಿಯೊಬ್ಬಳ ಮಾತು ಕೇಳಿ. ನಿಮ್ಮ ಜಗಳದಲ್ಲಿ ನಮ್ಮ ವಿದ್ಯಾರ್ಥಿಗಳು ಕಾಣಿಸುತ್ತಿಲ್ಲ. ನನ್ನ ತರಗತಿಯ ಬಹುಪಾಲು ಮಕ್ಕಳು ಅದೇ ಜಿಲ್ಲೆಯ ಹಳ್ಳಿಗಳಿಂದ ಬಂದವರು, ಮನೆಯಲ್ಲಿ ಮೊದಲ ಪದವಿ ಅವರದ್ದೇ. ಫ್ಲೋರೈಡ್ ಬಗ್ಗೆ ಪಾಠ ಮಾಡಿದ ದಿನ ಒಬ್ಬ ಹುಡುಗಿ ತನ್ನ ತಮ್ಮನ ಹಲ್ಲಿನ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿದಳು. ಸರ್ಕಾರಿ ವಿಶ್ವವಿದ್ಯಾಲಯದ ದೊಡ್ಡ ಬಲ ಇದೇ. ಸಮಾಜ ಬೆಂಚಿನ ಮೇಲೆ ಬಂದು ಕುಳಿತಿದೆ, ಅದನ್ನು ಹುಡುಕಿಕೊಂಡು ಹೋಗುವ ಬಸ್ ನಮಗೆ ಬೇಡ. ಬೇಕಾಗಿರುವುದು ಆ ಹುಡುಗಿ ತನ್ನ ಊರಿನ ಬಗ್ಗೆಯೇ ಪ್ರಬಂಧ ಬರೆಯಲು ಒಬ್ಬ ಕಾಯಂ ಮಾರ್ಗದರ್ಶಕರು, ಕೆಲಸ ಮಾಡುವ ಪ್ರಯೋಗಾಲಯ.

ಉಪಕೇಂದ್ರದ ಮಗಳು

ಮೇಡಂ, ಈ ಚರ್ಚೆಯಲ್ಲಿ ನನಗೆ ಬಹಳ ಹಿಡಿಸಿದ್ದು ನಿಮ್ಮ ಮಾತು.

ಹೆಸರು ಬೇಡ

ಒಪ್ಪುತ್ತೇನೆ. ನಮ್ಮಲ್ಲಿ ಪ್ರಯೋಗಾಲಯವಿದೆ, ಬೆಂಚಿನ ಮೇಲೆ ಆ ಹುಡುಗಿ ಇಲ್ಲ.

ಬಯಲುಸೀಮೆ ಓದುಗ

ಎಲ್ಲರ ಮಾತನ್ನೂ ಓದಿದೆ, ನಮ್ಮ ಬಳಗದವರಿಗೂ ಓದಿ ಹೇಳಿದೆ. ಕಾಗದಪತ್ರ ಅವರು ವಿವರಿಸಿದ ಮೇಲೆ ಮೊಹರಿನ ಗುಟ್ಟು ತಿಳಿಯಿತು. ಈಗ ಏನು ಮಾಡುವುದು? ಮತ್ತೆ ಸರ್ಕಾರಿ ವಿಶ್ವವಿದ್ಯಾಲಯಕ್ಕೇ ಬರೆಯುವುದೋ, ಆ ಖಾಸಗಿಯವರ ಬೆನ್ನುಹತ್ತುವುದೋ? ಬಳಗದಲ್ಲಿ ಎರಡು ಪಕ್ಷವಾಗಿದೆ.

ಜಲರೇಖೆ

ಎರಡನ್ನೂ ಮಾಡಿ, ಆದರೆ ಕೇಳುವ ರೀತಿ ಬದಲಿಸಿ. ನಾನು ಅಂತರ್ಜಲದ ಕೆಲಸದಲ್ಲಿ ಇದ್ದವನು.

ಖಾಸಗಿಯವರಿಗೆ ನೀವು ಕೊಟ್ಟ ಪತ್ರದಲ್ಲೇ ಹಿಡಿತವಿದೆ. ‘ದಿನಾಂಕ ಇಂತಿಷ್ಟರಂದು ನಮ್ಮ ಗ್ರಾಮದಿಂದ ನೀರಿನ ಮಾದರಿ ಪಡೆದಿದ್ದೀರಿ, ಫಲಿತಾಂಶವನ್ನು ಪಂಚಾಯಿತಿಗೆ ಕಳುಹಿಸಿ’ ಎಂದು ಪಂಚಾಯಿತಿಯಿಂದಲೇ ಲಿಖಿತವಾಗಿ ಕೇಳಿ, ಪ್ರತಿಯನ್ನು ಅವರ ಗುಣಮಟ್ಟ ಭರವಸೆ ಕೋಶಕ್ಕೂ (ನ್ಯಾಕ್ ಕಡತ ನೋಡಿಕೊಳ್ಳುವ ವಿಭಾಗ) ಕಳುಹಿಸಿ. ಕೇಳುವವರು ಇದ್ದಾರೆ ಎಂದು ತಿಳಿದರೆ ಉತ್ತರ ಬರುತ್ತದೆ.

ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಉಪನ್ಯಾಸ ಕೇಳಬೇಡಿ. ಭೂವಿಜ್ಞಾನ ಅಥವಾ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರ್‌ನಲ್ಲಿ ಕಿರುಪ್ರಬಂಧ ಮಾಡಬೇಕು. ನಮ್ಮ ತಾಲ್ಲೂಕನ್ನೇ ವಿಷಯವಾಗಿ ತೆಗೆದುಕೊಳ್ಳಿ, ಉಳಿಯಲು ಜಾಗ, ಊಟ ನಮ್ಮದು, ಕೊಳವೆಬಾವಿಗಳ ಪಟ್ಟಿ ನಾವು ಕೊಡುತ್ತೇವೆ ಎಂದು ವಿಭಾಗದ ಮುಖ್ಯಸ್ಥರಿಗೇ ಬರೆಯಿರಿ. ಅವರಿಗೆ ಬೇಕಾದದ್ದನ್ನು ನೀವು ಕೊಟ್ಟಂತಾಯಿತು. ಷರತ್ತು ಒಂದೇ: ಕೊನೆಯಲ್ಲಿ ಎರಡು ಪುಟದ ಕನ್ನಡ ಸಾರಾಂಶವನ್ನು ಗ್ರಾಮಸಭೆಯಲ್ಲಿ ಓದಬೇಕು.

ಅಲ್ಲಿಯವರೆಗೆ ಕಾಯಬೇಡಿ. ಜಲಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಮತ್ತು ಕಿಟ್ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು ಎಂದು ಪಿಡಿಒ ಅವರನ್ನು ಕೇಳಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರನ್ನು ಕುಡಿಯಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇದನ್ನು ಮನೆಮನೆಗೆ ಹೇಳಿ.

ಅತಿಥಿ ಉಪನ್ಯಾಸಕಿ

ಬಯಲುಸೀಮೆಯವರೇ, ನಿಮ್ಮ ತಾಲ್ಲೂಕು ಯಾವುದೆಂದು ನನಗೆ ಖಾಸಗಿಯಾಗಿ ತಿಳಿಸಿ. ಆ ಹುಡುಗಿ ಈ ಸೆಮಿಸ್ಟರ್ ವಿಷಯ ಹುಡುಕುತ್ತಿದ್ದಾಳೆ. ನಮ್ಮ ಮುಖ್ಯಸ್ಥರನ್ನು ಒಪ್ಪಿಸುವ ಜವಾಬ್ದಾರಿ ನನ್ನದು. ಕೊಳವೆಬಾವಿಗಳ ಪಟ್ಟಿಯಲ್ಲಿ ಆಳವನ್ನೂ ಕೊರೆದ ವರ್ಷವನ್ನೂ ಬರೆಸಿ ಇಡಿ.